ಮಾಸ್ತಮ್ಮನ ಎಲೆ

ಹೊನ್ನಾವರದ ಧಕ್ಕೆಯಲ್ಲಿ ನಾವೆಲ್ಲ ಶರಾವತಿ ದಾಟಲು ದೋಣಿಗೆ ಕಾಯುತ್ತಿದ್ದೆವು. ಕರಿ ಕೋಟಿನ ಶಾಲಾ ಮಾಸ್ತರರೊಬ್ಬರು ದಪ್ಪ ಪುಸ್ತಕ ಬಿಚ್ಚಿ ಬರೆಯುತ್ತ ಕೂತಿದ್ದರು. ಪಕ್ಕದಲ್ಲಿ ಗಂಟು ಇಟ್ಟುಕೊಂಡಿದ್ದ ಮುದುಕಿಗೆ ಸುಮ್ಮನಿರಲಾಗಲಿಲ್ಲ.

"ಎಂತ ಬರೀತ್ರಿ ಮಾಸ್ತರ್ರೆ?"

"ನಮ್ಮನೆ ವಂಶಾವಳಿ, ಅಮ್ಮ. ಮೂರು ವರ್ಷದಿಂದ ಊರೂರು ಕೇಳ್ತಾ ತಿರುಗ್ತಿದ್ದೇನೆ."

"ಯಾವ ಮನೆ?"

"ಮುಟ್ಟಳ್ಳಿಯ ಕೆಳಗಿನಮನೆ. ಮುತ್ತಜ್ಜ ಕುಪ್ಪಯ್ಯನ ತನಕ ಸಿಕ್ತು. ಅವ್ರ ಹೆಂಡ್ತಿ ಹೆಸ್ರು ಮಾತ್ರ ಯಾರಿಗೂ ಗೊತ್ತಿಲ್ಲ. ಹಳೇ ಕಾಗದದಲ್ಲೆಲ್ಲ 'ಕುಪ್ಪಯ್ಯನ ಹೆಂಡತಿ' ಅಂತಲೇ ಇದೆ."

"ಮಾಸ್ತಮ್ಮ."

"ಎಂತ?"

"ಅವಳ ಹೆಸ್ರು ಮಾಸ್ತಮ್ಮ. ಹಿರಿಯರಿಗೆ ಎಡೆ ಹಾಕುವಾಗ ವರ್ಷಾ ವರ್ಷಾ ಹೆಸ್ರು ಕರೆದು ಅವಳಿಗೂ ಒಂದು ಎಲೆ ಹಾಕ್ತೇವೆ."

"ನಮ್ಮ ಮನೆಯವಳಿಗೆ ನಿಮ್ಮನೇಲಿ ಎಲೆಯೇ?"

"ನಮ್ಮಪ್ಪ ಹುಟ್ಟಿದ ದಿನವೇ ಅವನ ತಾಯಿ ಸತ್ತಳು. ಮಾಸ್ತಮ್ಮ ಮೊಲೆ ಕೊಟ್ಟು ಬದುಕಿಸಿದಳು. ಮೊದಲ ಎಲೆ ಅವಳದೇ ಅಂತ ಅಪ್ಪ ಹೇಳಿ ಹೋಗಿದಾನೆ."

ಮಾಸ್ತರರು ಹೆಸರು ಬರೆದರು. ಕನ್ನಡಕ ತೆಗೆದು ಒರೆಸಿಕೊಂಡರು.

"ನಿಮ್ಮ ಹೆಸ್ರು, ಅಮ್ಮ?"

"ನಂದು ಯಾಕೆ? ನಾನು ನಿಮ್ಮ ಮನೆಯವಳಲ್ಲ."

"ನಿಮ್ಮಪ್ಪ ಮಾಸ್ತಮ್ಮನ ಹಾಲು ಕುಡಿದವ್ರಲ್ವೆ? ಅವಳ ಮಕ್ಕಳ ಸಾಲಲ್ಲಿ ಅವ್ರು, ಕೆಳಗೆ ನೀವು."

ಮುದುಕಿ ಗಂಟು ಸರಿಸಿ ಪುಸ್ತಕದ ಹತ್ತಿರ ಬಂದು ಕೂತಳು.

"ಆತು, ಬರ್ಕೊಳಿ. ಜಟ್ಟಮ್ಮ."

ಅಂಬಿಗ ಕೂಗಿದ. ಮಾಸ್ತರರು ಪುಸ್ತಕ ಕಂಕುಳಲ್ಲಿಟ್ಟು, ಕೋಟಿನ ಹೆಗಲ ಮೇಲೆಯೇ ಅವಳ ಗಂಟು ಹೊತ್ತು ದೋಣಿಯತ್ತ ಇಳಿದರು.

"ಮೆಲ್ಲಗೆ, ತಮ್ಮಾ," ಎನ್ನುತ್ತ ಅವಳು ಹಿಂದೆ ಹೋದಳು.