ಹೆಸರಿರಲಿಲ್ಲ, ಊರಿತ್ತು

ಎಲ್ಲರಿಗೂ ನಮಸ್ಕಾರ. ಸಿದ್ದಗಂಗಮ್ಮನವರ ಯಜಮಾನರಾದ ಹುಚ್ಚಣ್ಣನವರೇ, ಮಗಳು ನಿರ್ಮಲಾ, ನಮ್ಮ ನರ್ಸಿಂಗ್ ಹೋಮಿನ ಡಾಕ್ಟರುಗಳೇ, ತೋಟದ ಕೆಲಸ ಬಿಟ್ಟು ಬಿಳಿಗೆರೆಯಿಂದ ಬಂದಿರೋ ಬಂಧುಗಳೇ — ನಾನು ದಯಾನಂದ, ಆಫೀಸು ನೋಡಿಕೊಳ್ಳುವವನು. ನಮ್ಮನ್ನೆಲ್ಲ ಬಿಟ್ಟುಹೋದ ರೆಕಾರ್ಡ್ ರೂಮಿನ ಸಿದ್ದಗಂಗಮ್ಮನವರ ಬಗ್ಗೆ ನಾಲ್ಕು ಒಳ್ಳೇ ಮಾತು ಆಡೋಕೆ ನಿಂತಿದ್ದೀನಿ. ಮೊದಲು ನನ್ನ ತಪ್ಪು ಹೇಳಿಬಿಡ್ತೀನಿ.

ಇಪ್ಪತ್ತೆರಡು ವರ್ಷ — ಫೈಲಿನ ಹೆಸರಿರೋ ಬದಿ ಎದೆಗೆ ಆನಿಸಿ, ಹೀಗೆ, ಹಿಡಿದೇ ಓಡಾಡಿದವರು ಅವರು. ನಾನು? ಹೋದ ವರ್ಷ, ಎರಡು ಸಾವಿರದ ಎಂಟರಲ್ಲಿ, ಆಸ್ಪತ್ರೆಗೆ ವೆಬ್‌ಸೈಟ್ ಮಾಡಿಸಿದೆ. ಅದನ್ನು ತೆರೆದವರು ಮೊದಲು ತಮ್ಮ ಊರಿನ ಹೆಸರು ತುಂಬಬೇಕು. ಯಾವ ಊರಿನವರು ಯಾವ ಕಾಯಿಲೆಯ ಪುಟ ಎಷ್ಟು ಸಲ ನೋಡಿದರು ಅಂತ ತಿಂಗಳಿಗೊಂದು ಪಟ್ಟಿ ಬರೋದು. ನನಗೋ ಸಂಭ್ರಮ! ಪ್ರಿಂಟ್ ತೆಗೆದು ಹೊರಗಿನ ಬೋರ್ಡಿಗೆ ಅಂಟಿಸಿದೆ.

ಎರಡು ದಿನ ರಜೆಯಲ್ಲಿದ್ದ ಸಿದ್ದಗಂಗಮ್ಮ ಬಂದರು. ಓದಿದರು. ಪರ್ರನೆ — ಕಿತ್ತರು.

"ಯಾರ ಹೆಸ್ರೂ ಇಲ್ವಲ್ಲಮ್ಮ?" ಅಂದೆ.

"ಹೆಸರ್ಯಾಕ್ ಬೇಕು ಕಣಪ್ಪ? ನಮ್ ಕಡೆ ಮೊದ್ಲು ಕೇಳೋದೇ ಯಾವೂರು ಅಂತ. ಇಲ್ ನೋಡು — ಈ ಊರಲ್ಲಿರೋದು ಹದಿನೆಂಟು ಮನೆ. ಅಲ್ಲಿ ಕಂಪ್ಯೂಟರ್ ಮುಟ್ಟೋದು ಒಬ್ಳೇ ಹೆಣ್ಮಗಳು."

ಪಟ್ಟಿ ಬೋರ್ಡಿನಲ್ಲಿದ್ದ ಆ ಎರಡು ದಿನವೇ ಸಾಕಾಗಿತ್ತು — ಕಾಯಿಲೆ ಯಾರಿಗೆ ಅಂತ ಊರಿಗೆಲ್ಲ ಗೊತ್ತಾಗಿಹೋಗಿತ್ತು. ಬಸ್ಸಲ್ಲಿ ಅವಳ ಪಕ್ಕ ಯಾರೂ ಕೂರಲಿಲ್ಲವಂತೆ. ಮಾತ್ರೆಗೆ ಬರೋದನ್ನೇ ನಿಲ್ಲಿಸಿದಳು. ಸಿದ್ದಗಂಗಮ್ಮ ಭಾನುವಾರ ಭಾನುವಾರ ಹೋದರು — ಚೀಲದ ತಳದಲ್ಲಿ ಮಾತ್ರೆ, ಮೇಲೆ ಕಡ್ಲೆಪುರಿ, ನೆಂಟರ ಮನೆಗೆ ಹೋದ ಹಾಗೆ. ಬಾಗಿಲು ತೆಗೀಲಿಲ್ಲ. ಏಳನೇ ತಿಂಗಳಿಗೆ ಆ ಹೆಣ್ಣುಮಗಳು ತೀರಿಕೊಂಡಳು. ಯಾವೂರು ಅಂತ — ಹೇಳಲ್ಲ.

ಆಮೇಲೆ ಡಾಕ್ಟರ ಹತ್ತಿರ ಜಗಳ ಆಡಿ ವೆಬ್‌ಸೈಟಿನಲ್ಲಿ ಊರು ಕೇಳೋ ಕಾಲಂ ತೆಗೆಸಿದರು, ಪಟ್ಟಿ ನಿಲ್ಲಿಸಿದರು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದುಬಿಟ್ಟಿದ್ದರೆ ಚೆನ್ನಾಗಿತ್ತು ಕಣ್ರೀ. ಆ ಸಾವು ನನ್ನ ತಲೆ ಮೇಲಿದೆ.

ಈಗ ಕೊನೇ ಮಾತು. ಬೆಳಿಗ್ಗೆಯಿಂದ ಆರು ಜನ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ್ದೀರಿ — ಸಿದ್ದಗಂಗಮ್ಮಂಗೆ ಏನಾಗಿತ್ತು, ಯಾವ ಕಾಯಿಲೆ? ಅವರ ಫೈಲನ್ನು ನಿನ್ನೆ ನಾನೇ ದಾರ ಸುತ್ತಿ ಒಳಗಿಟ್ಟೆ. ನನಗೆ ಗೊತ್ತು. ಹೇಳಲ್ಲ. ಹುಚ್ಚಣ್ಣನವರನ್ನೂ ಕೇಳಬೇಡಿ, ಆ ಮಗೂನೂ ಕೇಳಬೇಡಿ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಎರಡು ನಿಮಿಷ — ಯಾರೂ ಯಾರನ್ನೂ ಏನೂ ಕೇಳದೆ.