ನಟ್ಟನಡುವಿನ ಸ್ಕ್ರೂ

ಮಣಿಕಟ್ಟು ಮುರಿದುಕೊಂಡ ಟೀಚರ್ ಡಾಕ್ಟರ ಕೋಣೆಯ ಹೊರಗೆ ಕೂತಿದ್ದಳು. ಪಕ್ಕದಲ್ಲಿ ಒಬ್ಬ ಮುದುಕ ಬಡಗಿ ಮತ್ತು ಅವನ ಮಗಳು. ಹನ್ನೆರಡರ ಮೊಮ್ಮಗಳನ್ನು ಒಳಗೆ ಪರೀಕ್ಷಿಸುತ್ತಿದ್ದರು.

“ಅವಳು ಮೊಣಕಾಲು ನೋವು ಅಂದಾಗೆಲ್ಲ ನಾಟಕ ಅಂತ ಬೈದೆನಲ್ಲಪ್ಪಾ. ಜಾರ್ತಾ ಇದ್ದಿದ್ದು ಸೊಂಟದ ಕೀಲಲ್ಲಿ.”

“ನಾನೂ ಮೊಣಕಾಲಿಗೇ ಎಣ್ಣೆ ತಿಕ್ಕಿದೆ. ಬಿಡು. ಎಕ್ಸ್‌ರೇಲಿ ಕಾಣೋ ಈ ಬಿಳಿ ಗೀಟೇನಾ ಸ್ಕ್ರೂ?”

“ಹ್ಞೂಂ. ತೊಡೆಮೂಳೆಯ ತುದಿಯ ಗುಂಡು, ಮೂಳೆ ಬೆಳೆಯೋ ಜಾಗದಲ್ಲೇ ಜಾರಿತ್ತಂತೆ. ಇನ್ನು ಜಾರದ ಹಾಗೆ ಇದು ಹಿಡ್ಕೊಂಡಿದೆ.”

“ಆಪರೇಷನ್ ಗಾಯ ಎಷ್ಟು?”

“ನಿನ್ನ ಹೆಬ್ಬೆರಳಿನ ಉಗುರಿನಷ್ಟು.”

ಬಡಗಿ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಟೀಚರ್ ತನ್ನ ನೋವು ಮರೆತು ತಾನೂ ಕತ್ತೆತ್ತಿದಳು.

“ಐವತ್ತು ವರ್ಷ ಸ್ಕ್ರೂ ತಿರುಗಿಸಿದೀನಿ ಕಣೇ. ಮರ ಕಣ್ಣೆದುರಿಗೇ ಇದ್ರೂ ಎಷ್ಟೋ ಸಲ ಕೈ ತಪ್ಪಿದೆ. ಈ ಡಾಕ್ಟರು ಮೈಯೊಳಗೆ, ಅದೂ ಗುಂಡಿನ ನಟ್ಟನಡುವೆ ಕೂರಿಸಿದಾರಲ್ಲೇ!”

ಬಾಗಿಲು ತೆರೆಯಿತು. ನರ್ಸು ಊರುಗೋಲುಗಳನ್ನು ತಾಯಿಯ ಕೈಗಿತ್ತು, “ಇನ್ನು ಇವು ಬೇಡ” ಎಂದಳು.

ಬಡಗಿ ಧಾವಿಸಿ, ಹೊಸ್ತಿಲು ದಾಟುತ್ತಿದ್ದ ಮೊಮ್ಮಗಳ ತೋಳು ಹಿಡಿದ.

“ಬಿಡು ತಾತ, ನಾನೇ ಬರ್ತೀನಿ.”

ಅವನು ಬಿಟ್ಟ. ಆದರೆ ಎರಡೂ ಅಂಗೈ ಚಾಚಿಕೊಂಡೇ, ಅವಳನ್ನು ಮುಟ್ಟದೆ, ಆಸ್ಪತ್ರೆಯ ಉದ್ದನೆಯ ಹಾದಿಯ ತಿರುವಿನವರೆಗೂ ಹಿಂದೆ ಹಿಂದೆ ನಡೆದ.