ಐದು ಎಲೆ, ಒಂದು ಪಂಕ್ತಿ

ನಗಬೇಡಿ. ಇದು ನನ್ನ ಚಿಕ್ಕಪ್ಪನ ಮಗಳು ಭಾನುಪ್ರಿಯಾಗೆ ಆದದ್ದು, ಹೋದ ವರ್ಷ ಮಹಾಲಯ ಅಮಾವಾಸ್ಯೆ ದಿನ. ಹಳೇಬೀಡಿನ ಬಸ್ಸು ತಡವಾಗಿ, ಕತ್ತಲಲ್ಲಿ ಒಬ್ಬಳೇ ಮನೆಗೆ ನಡೆದು ಬರುತ್ತಿದ್ದಳು. ದಾರಿಯಲ್ಲಿ ಆ ಹಾಳು ಬಾವಿ...

ವಿಕ್ಟೋರಿಯಾ ರಾಣಿ ಕಾಲದಲ್ಲಿ, ಬಿಕ್ಕೋಡಿನ ಕಾಫಿ ತೋಟಕ್ಕೆ ಕೂಲಿಗೆ ಹೊರಟ ಐದು ಜನ ಹೆಂಗಸರನ್ನು ಯಾರೋ ಒಬ್ಬೊಬ್ಬರನ್ನಾಗಿ ಕತ್ತು ಹಿಸುಕಿ ಅದರೊಳಕ್ಕೆ ಹಾಕಿದ್ದರು. ಕೊಂದವನು ಯಾರು? ಭಾನು ಅದರ ಬೆನ್ನು ಹತ್ತಿದ್ದಳು. ಕಚೇರಿ ಅಲೆದಳು, ಹಳಬರನ್ನೆಲ್ಲ ಮಾತಾಡಿಸಿದಳು. ನಮ್ಮ ಅಜ್ಜಿ ಗಿರಿಯಮ್ಮನದು ಮಾತ್ರ ಒಂದೇ ಮಾತು: "ಯಾವನೋ ಬೈರಾಗಿ ಕಣವ್ವ. ಅವರನ್ನ ಉಳಿಸಾಕೆ ಹೋಗಿ ನಿಮ್ಮ ತಾತನ ತಾತ ದೊಡ್ಡಬೀರಪ್ಪನೂ ಸತ್ತ." ತನ್ನನ್ನು ಸಾಕಿ ಬೆಳೆಸಿದ ಅಜ್ಜಿಯ ಮಾತು. ಭಾನು ಕಣ್ಣು ಮುಚ್ಚಿ ನಂಬಿದಳು.

ಆ ರಾತ್ರಿ ಬಾವಿ ಹತ್ತಿರ ನಿಂತಳು. ಪಾಪ, ಇವರಿಗೆ ಎಡೆ ಇಡುವವರು ಯಾರೂ ಇಲ್ಲವಲ್ಲ ಅನ್ನಿಸಿತು.

"ಬನ್ರವ್ವ, ಇವತ್ತು ನಮ್ಮನೇಲಿ ಊಟ."

ಅಮಾವಾಸ್ಯೆ ರಾತ್ರಿ ಬಾವಿಯನ್ನು ಊಟಕ್ಕೆ ಕರೆಯುವ ಹುಡುಗಿ! ಮನೆಯವರೆಗೂ ಹಿಂದೆ ಪಚ್... ಪಚ್... ಒದ್ದೆ ಕಾಲಿನ ಸದ್ದು.

ಅಜ್ಜಿ ಅಡುಗೆ ಮಾಡಿ ಕಾಯುತ್ತಿದ್ದಳು. ಭಾನು ದೊಡ್ಡಬೀರಪ್ಪನ ಎಡೆಯ ಪಕ್ಕದಲ್ಲೇ ಐದು ಎಲೆ ಹಾಕಿ ಬಡಿಸಿದಳು. ಉಳಿಸಲು ಹೋದವನ ಜೊತೆಗೇ ಉಣ್ಣಲಿ ಅಂತ. ಅಜ್ಜಿ "ಬ್ಯಾಡ ಕಣೇ" ಅಂದರೂ ಕೇಳಲಿಲ್ಲ. ಸತ್ತವರು ಬಂದು ಉಣ್ಣಲೆಂದು, ಪದ್ಧತಿಯಂತೆ ಬಾಗಿಲು ಮುಚ್ಚಿ ಇಬ್ಬರೂ ಜಗಲಿ ಮೇಲೆ ಕೂತರು.

ಒಳಗೆ ಸರ್ರ್... ನೆಲದ ಮೇಲೆ ಬಾಳೆಲೆ ಎಳೆದ ಸದ್ದು. ಆಮೇಲೆ ಬಾಗಿಲ ಸಂದಿಯಲ್ಲಿ ಒಂದು ಹೆಣ್ಣು ದನಿ ಪಿಸುಗುಟ್ಟಿತು.

"ಕೊಂದೋನ ಪಂಕ್ತೀಲಿ ಕೂರಿಸಿದ್ಯಲ್ಲವ್ವ..."

ಭಾನು ಅಜ್ಜಿಯ ಮುಖ ನೋಡಿದಳು. ಅಜ್ಜಿ ಬೆಚ್ಚಲಿಲ್ಲ. ತಲೆ ತಗ್ಗಿಸಿದಳು, ಅಷ್ಟೇ.

"ನಿಂಗೆ ಗೊತ್ತಿತ್ತಾ ಅಜ್ಜಿ?"

"ಮನೆ ಮಾನ ಕಣವ್ವ..."

"ನನ್ ಹತ್ರಾನೂ ಸುಳ್ಳು ಹೇಳ್ಬಿಟ್ಯಲ್ಲ!"

ದೆವ್ವಕ್ಕೆ ಹೆದರದವಳು ಬಿಕ್ಕಿ ಬಿಕ್ಕಿ ಅತ್ತಳು. ನನಗೂ ಹೊಟ್ಟೆ ಉರಿಯುತ್ತದೆ. ಅದೇ ಸುಳ್ಳು ಹೇಳಿ ನನ್ನನ್ನೂ ತೊಡೆ ಮೇಲೆ ಮಲಗಿಸಿದ ಮುದುಕಿ ಅದು.

ಬಾಗಿಲು ತೆಗೆದರೆ ಐದೂ ಎಲೆ ಹಿತ್ತಿಲ ಬಾಗಿಲ ತನಕ ಸರಿದಿದ್ದವು. ಒಂದು ಅಗುಳನ್ನೂ ಮುಟ್ಟಿರಲಿಲ್ಲ. ಬೆಳಗಾಗುತ್ತಲೇ ಭಾನು ಬೇಲೂರಿಗೆ ಹೋಗಿ ರೂಮು ಹಿಡಿದಳು. ಅಜ್ಜಿ ಫೋನ್ ಮಾಡಿದರೆ ಎತ್ತುವುದಿಲ್ಲ.

ಅಜ್ಜಿ ಈಗ ನಮ್ಮ ಮನೆಯಲ್ಲಿದ್ದಾಳೆ. ಅವಳು ಊಟಕ್ಕೆ ಕೂತಾಗ ಪಕ್ಕದಲ್ಲೊಂದು ಮಣೆ ಹಾಕಿ ನೋಡಿ... ಅದು ತಾನಾಗಿಯೇ ದೂರ ಸರಿಯುತ್ತದೆ. ನನ್ನಾಣೆಗೂ ನಿಜ. ಇವತ್ತು ಮಧ್ಯಾಹ್ನವೂ ಸರಿಯಿತು.